ಸಮುದ್ರಕ್ಕೆ ಮುಖ ಮಾಡಿದ ಮನೆ

ನಮ್ಮ ಕಡೆಯ ಹಳೇ ಮನೆಗಳು ಸಮುದ್ರ ನೋಡುವುದಿಲ್ಲ. ಕುಂದಾಪುರದಿಂದ ಬೈಂದೂರಿನವರೆಗೆ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಇಳಿದು ನೋಡಿ. ಐವತ್ತು ಅರವತ್ತು ವರ್ಷ ದಾಟಿದ ಮನೆಗಳಲ್ಲಿ ಹೆಚ್ಚಿನವು ತೆಂಗಿನ ತೋಟದ ಹಿಂದೆ, ಕಡಲಿಗೆ ಬೆನ್ನು ಹಾಕಿ ಕೂತಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬರುವುದೇ ಆ ಕಡೆಯಿಂದ, ಅದೂ ಅಡ್ಡಡ್ಡವಾಗಿ. ಅದಕ್ಕೆ ಎದುರಾಗಿ ಜಗಲಿ ಕಟ್ಟುವವನನ್ನು ಊರವರು ಬುದ್ಧಿವಂತ ಅನ್ನುತ್ತಿರಲಿಲ್ಲ. 'ಸೀ ವ್ಯೂ' ಅನ್ನೋದು ಹೊರಗಿನವರು ತಂದ ಆಸೆ. ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1880ರ ದಶಕದಲ್ಲಿ ಬಂದಿದ್ದ ರವೀಂದ್ರನಾಥ ಟಾಗೋರರು ಅಲ್ಲಿನ ಕಡಲು ನೋಡಿ ಮೈಮರೆತರಂತೆ, ಅಲ್ಲೇ ಕೂತು ಒಂದು ನಾಟಕವನ್ನೂ ಬರೆದರು. ಅದೇ ಕರಾವಳಿಯ ನಮ್ಮವರಿಗೆ ಸಮುದ್ರ ಅಂದರೆ ಮೀನು, ಉಪ್ಪುಗಾಳಿ, ತುಕ್ಕು ಹಿಡಿದ ಬೀಗ.

ಆದರೆ ನಮ್ಮ ಕಡಲ ಮನೆ ಮಾತ್ರ ನೇರ ಪಶ್ಚಿಮಕ್ಕೆ ಮುಖ ಮಾಡಿದೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ಮೂರು ಕೋಣೆ. ಎದುರಿಗೆ ಹನ್ನೆರಡು ಅಡಿ ಅಗಲದ ಜಗಲಿ. ಪಶ್ಚಿಮದ ಕೋಣೆಗೆ ಒಂದಲ್ಲ ಎರಡಲ್ಲ, ಐದು ಕಿಟಕಿ. ಮಳೆಗಾಲದಲ್ಲಿ ಮಡಲಿನ ತಟ್ಟಿ ಕಟ್ಟದಿದ್ದರೆ ಒಳಗೆ ಕೊಡೆ ಹಿಡಿದು ಮಲಗಬೇಕು.

ಮನೆಯೊಳಗೆ ಇನ್ನೂ ಕೆಲವು ವಿಚಿತ್ರಗಳಿದ್ದವು. ಪಶ್ಚಿಮದ ಕೋಣೆಗೆ ಹೊರಗಿನಿಂದಲೇ ಬೇರೆ ಬಾಗಿಲು. ಆ ಕೋಣೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಿಂಡಿ, ಎರಡೂ ಕಡೆ ಹಲಗೆಯ ಪುಟ್ಟ ಬಾಗಿಲು. ಹಾಸಿಗೆಯಿಂದ ಬಚ್ಚಲಿನ ತನಕ, ಆಮೇಲೆ ಜಗಲಿ ಸುತ್ತ, ಗೋಡೆಗುಂಟ ಸೊಂಟದೆತ್ತರಕ್ಕೆ ಹಲಸಿನ ಮರದ ಒಂದು ಹಿಡಿಕೆ. ಇಷ್ಟು ಸಣ್ಣ ಮನೆಗೆ ಎರಡು ಬಾವಿ. ಹಳೇ ಕೋಡ್ ಓದಿದವರಿಗೆ ಈ ಅನುಭವ ಗೊತ್ತಿರುತ್ತದೆ: ಯಾರೋ ಏನೋ ಕಾರಣಕ್ಕೇ ಬರೆದಿದ್ದಾರೆ, ಆದರೆ ಕಾಮೆಂಟ್ ಹಾಕಿಲ್ಲ. ಮಕ್ಕಳಾಗಿದ್ದಾಗ ನಾವು ಕಾರಣ ಹುಡುಕಲು ಹೋಗಲಿಲ್ಲ. ಹಿಡಿಕೆ ಇದ್ದದ್ದು ಒದ್ದೆ ಟವೆಲ್ ಹಾಕೋಕೆ, ಕಿಂಡಿ ಇದ್ದದ್ದು ಕಳ್ಳ ಪೊಲೀಸ್ ಆಡೋಕೆ ಅಂದುಕೊಂಡಿದ್ದೆವು.

ಮೇ ತಿಂಗಳು ಬಂತೆಂದರೆ ಮುಂಬೈಯಿಂದ, ಬೆಂಗಳೂರಿನಿಂದ, ದುಬೈನಿಂದ ಎಲ್ಲರೂ ಅಲ್ಲಿಗೆ. ಇಪ್ಪತ್ತು ಜನ ಇದ್ದರೂ ಸಾಲಾಗಿ ಜಗಲಿಯಲ್ಲೇ ಮಲಗುವುದು. ಬಂಗಡೆ ಸಾರಿನ ಪರಿಮಳ, ಚಾಪೆ ಮೇಲೆ ಒಣಗಲು ಹಾಕಿದ ಹಲಸಿನ ಹಪ್ಪಳ, ಅದನ್ನು ಅರ್ಧ ಒಣಗುವ ಮೊದಲೇ ಕದ್ದು ತಿನ್ನುವ ನಾವು. ಇಷ್ಟೂ ಜನಕ್ಕೆ ಬೇಯಿಸಿ ಹಾಕುತ್ತಿದ್ದವರು ಕಡಲ ಮನೆ ಅಜ್ಜಿ, ಅಂದರೆ ನನ್ನ ಅಮ್ಮಮ್ಮನ ಅಕ್ಕ. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ನಡೆಯುವಾಗ ದೋಣಿಯಲ್ಲಿ ನಿಂತವರ ಹಾಗೆ ಓಲಾಡುತ್ತಿದ್ದರು. ರಾತ್ರಿಯಿಡೀ ಕೋಣೆಯಲ್ಲಿ ದೀಪ ಉರಿಯಲೇಬೇಕು. ಅವರಿಗೆ ಭೂತದ ಹೆದರಿಕೆ ಅಂತ ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಬೆನ್ನ ಹಿಂದೆ ಯಾಕೆ, ಎದುರಿಗೇ ನಕ್ಕರೂ ಅವರಿಗೆ ಕೇಳುತ್ತಿರಲಿಲ್ಲವಲ್ಲ. ಮದುವೆ ಆಗಿರಲಿಲ್ಲ. 2004ರಲ್ಲಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ.

'ಬೊಂಬಾಯಿ ಅಜ್ಜ ರಜೆಗೆ ಬರಲಿಕ್ಕೆ ಅಂತ ಕಟ್ಟಿಸಿದ ಮನೆ', ಇದು ನಮಗೆ ಗೊತ್ತಿದ್ದ ಇತಿಹಾಸ. ಫೋರ್ಟ್‌ನಲ್ಲಿ ಹೋಟೆಲು, ಕೈಯಲ್ಲಿ ದುಡ್ಡು, ಶೋಕಿಗೆ ಸಮುದ್ರದೆದುರು ಮನೆ. ಕೇಳಲು ಚೆನ್ನಾಗಿಯೇ ಇತ್ತು.

ನಿಜ ಗೊತ್ತಾಗಿದ್ದು 2021ರ ಮೇ ತಿಂಗಳಲ್ಲಿ. ವರ್ಕ್ ಫ್ರಮ್ ಹೋಮ್ ಅಂತ ನಾನು, ಅಮ್ಮ, ಅಮ್ಮಮ್ಮ ಕಡಲ ಮನೆ ಸೇರಿಕೊಂಡಿದ್ದೆವು. ಎರಡನೇ ಅಲೆಯಲ್ಲಿ ನನಗೆ ಪಾಸಿಟಿವ್ ಬಂತು. ಅಮ್ಮಮ್ಮನಿಗೆ ಆಗ ಎಂಬತ್ತೈದು. ಅಮ್ಮ ಎರಡೇ ನಿಮಿಷದಲ್ಲಿ ತೀರ್ಮಾನ ಮಾಡಿದಳು: ನೀನು ಪಶ್ಚಿಮದ ಕೋಣೆ. ಬೇರೆ ಬಾಗಿಲು ಇದೆ, ಬಚ್ಚಲು ಪಕ್ಕದಲ್ಲೇ ಇದೆ, ಕಿಟಕಿ ಬೇಕಾದಷ್ಟಿದೆ. ಊಟ ಕಿಂಡಿಯಲ್ಲಿ ಇಡುತ್ತೇನೆ. ಅಮ್ಮ ಆ ಕಡೆಯ ಹಲಗೆ ತೆಗೆದು ಗಂಜಿ ಇಟ್ಟು ಮುಚ್ಚುವುದು, ಆಮೇಲೆ ನಾನು ಈ ಕಡೆಯದನ್ನು ತೆಗೆದು ತೆಗೆದುಕೊಳ್ಳುವುದು. ಅಷ್ಟು ಸಲೀಸಾಗಿ ನಡೆಯುತ್ತಿತ್ತು ಅಂದರೆ, ಈ ಕೋಣೆ ಇದಕ್ಕೇ ಅಂತ ಮಾಡಿದ ಹಾಗಿದೆಯಲ್ಲ ಅಂತ ಮೂರನೇ ದಿನ ನಾನು ತಮಾಷೆಗೆ ಅಂದೆ.

ಅಡುಗೆಮನೆಯಲ್ಲಿ ಮಣೆ ಮೇಲೆ ಕೂತಿದ್ದ ಅಮ್ಮಮ್ಮ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರ ದನಿ ಕಿಂಡಿಯಿಂದ ಬಂತು. "ಈ ಕಿಂಡಿಯಗೇ ನಾನೂ ಅಕ್ಕಂಗ್ ಗಂಜಿ ಕೊಡ್ತಿದ್ದೆ ಹೆಣೆ."

ಮುಂದಿನ ಹತ್ತು ದಿನ ಅವರು ದಿನಾ ಮಧ್ಯಾಹ್ನ ಮಾಸ್ಕ್ ಹಾಕಿಕೊಂಡು ಕಿಂಡಿಯ ಆ ಕಡೆ ಕೂರುತ್ತಿದ್ದರು, ನಾನು ಈ ಕಡೆ ನೆಲದ ಮೇಲೆ. ಮುಖ ಕಾಣುತ್ತಿರಲಿಲ್ಲ. ಬಹುಶಃ ಅದಕ್ಕೇ ಹೇಳಲು ಸಾಧ್ಯವಾಯಿತು.

1949ರಲ್ಲಿ ಅಕ್ಕನಿಗೆ ಇಪ್ಪತ್ತೊಂದು. ಮದುವೆ ಗೊತ್ತಾಗಿತ್ತು. ಕೆಮ್ಮು ಶುರುವಾಯಿತು, ಸಂಜೆ ಸಂಜೆ ಜ್ವರ, ಒಂದು ದಿನ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ. ಕ್ಷಯ. ಆ ಶಬ್ದವನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, 'ಎದೆ ಕಾಯಿಲೆ' ಅಷ್ಟೇ. ಗಂಡಿನ ಕಡೆಯವರು ಸುದ್ದಿ ತಿಳಿದು ಸುಮ್ಮನಾದರು. ಮೂಲಮನೆಯಲ್ಲಿ ಮೂವತ್ತಕ್ಕೂ ಹೆಚ್ಚು ಜನ, ಅದರಲ್ಲಿ ಅರ್ಧ ಮಕ್ಕಳು. ಅವಳನ್ನು ಎಲ್ಲಿಡುವುದು?

ಆ ಕಾಲದ ಚಿಕಿತ್ಸೆ ಅಂದರೆ ಮುಖ್ಯವಾಗಿ ಸ್ಯಾನಟೋರಿಯಂ: ಶುದ್ಧ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮದ್ರಾಸಿನ ಹತ್ತಿರ ತಾಂಬರಂನಲ್ಲಿ 1928ರಿಂದಲೇ ಒಂದು ಸ್ಯಾನಟೋರಿಯಂ ಇತ್ತು. ಬೊಂಬಾಯಿ ಅಜ್ಜನಿಗೆ ಗೊತ್ತಿದ್ದದ್ದು ಆ ಕಡೆಯ ಪಂಚಗಣಿ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಒಬ್ಬರನ್ನು ಅಲ್ಲಿಗೆ ಸೇರಿಸಿ ಬಂದಿದ್ದರಂತೆ. ಅಗಲದ ಜಗಲಿ, ಸಾಲು ಕಿಟಕಿ, ಮಂಚವನ್ನೇ ಹೊರಗೆ ಎಳೆದು ಮಲಗಿಸುವುದು, ಎಲ್ಲ ಕಣ್ಣಾರೆ ನೋಡಿದ್ದರು. ತಂಗಿಯನ್ನು ಅಷ್ಟು ದೂರ ಕಳಿಸಲು ತಾಯಿ ಒಪ್ಪಲಿಲ್ಲ. ಸರಿ, ಇಲ್ಲೇ ಕಟ್ಟುತ್ತೇನೆ ಅಂದರು. ಊರಿನ ಮೇಸ್ತ್ರಿಗೆ ಪೆನ್ಸಿಲಿನಲ್ಲಿ ಚಿತ್ರ ಬರೆದು ಕೊಟ್ಟರಂತೆ. ಪಶ್ಚಿಮಕ್ಕೆ ಐದು ಕಿಟಕಿ ಇಡಬೇಕು ಅಂದಾಗ ಮೇಸ್ತ್ರಿ, ಬೊಂಬಾಯಿ ಗಾಳಿ ತಲೆಗೆ ಹೊಡೆದಿದೆ ಅಂದುಕೊಂಡಿರಬೇಕು.

1950ರ ಮಳೆಗಾಲಕ್ಕೆ ಮೊದಲು ಅಕ್ಕ ಒಳಗೆ ಹೋದರು. ಜೊತೆಗೆ ಒಬ್ಬ ಕೆಲಸದಾಕೆ. ಎರಡನೇ ಬಾವಿ ಅವರಿಗೆಂದೇ ತೋಡಿದ್ದು. ಮೂಲಮನೆಯಿಂದ ದಿನಕ್ಕೆರಡು ಸಲ ಹಾಲು, ಮೊಟ್ಟೆ, ಗಂಜಿ ತಂದು ಕೊಡುವ ಕೆಲಸ ಹದಿನಾಲ್ಕು ವರ್ಷದ ತಂಗಿಗೆ.

"ಹೆದ್ರಿಕೆ ಆಗ್ತಿರ್ಲಿಲ್ವಾ ಅಮ್ಮಮ್ಮ?"

"ಆತಿತ್ತ್. ಕೈ ಒಳ್ಗ್ ಹಾಕ್ತಿರ್ಲಿಲ್ಲೆ. ಬಟ್ಲ್ ಕೋಲಲ್ಲ್ ದೂಡ್ತಿದ್ದೆ."

ಈ ಒಂದು ಮಾತನ್ನು ಅವರು ಆ ಹತ್ತು ದಿನದಲ್ಲಿ ನಾಲ್ಕು ಸಲವಾದರೂ ಹೇಳಿದ್ದಾರೆ. ಪ್ರತಿ ಸಲ ಮೊದಲ ಸಲ ಹೇಳುತ್ತಿರುವ ಹಾಗೆ.

ಅಕ್ಕ ಹುಟ್ಟಿದ ಕಾಲ ಒಳ್ಳೆಯದೋ ಕೆಟ್ಟದೋ ಅಂತ ನನಗೆ ಇವತ್ತಿಗೂ ತೀರ್ಮಾನ ಮಾಡಲು ಆಗುತ್ತಿಲ್ಲ. ಐದು ವರ್ಷ ಮೊದಲು ಕಾಯಿಲೆ ಬಿದ್ದಿದ್ದರೆ ಗಾಳಿ ಮತ್ತು ದೇವರು ಮಾತ್ರ. ಐದು ವರ್ಷ ತಡವಾಗಿದ್ದರೆ ಪೂರ್ತಿ ಗುಣ. ಅವರು ಸಿಕ್ಕಿಹಾಕಿಕೊಂಡಿದ್ದು ನಟ್ಟನಡುವೆ. ಸ್ಟ್ರೆಪ್ಟೋಮೈಸಿನ್ ಅಮೆರಿಕದಲ್ಲಿ 1943ರಲ್ಲಿ ಪತ್ತೆಯಾಗಿತ್ತು, ಕ್ಷಯಕ್ಕೆ ಕೆಲಸ ಮಾಡಿದ ಮೊದಲ ಔಷಧ ಅದು. ಬೊಂಬಾಯಿಯಲ್ಲಿ ದುಡ್ಡು ಸುರಿದರೆ ಸಿಗುತ್ತಿತ್ತು. ಅಜ್ಜ ಸ್ಟೀಮರಿನಲ್ಲಿ ಮಂಗಳೂರಿಗೆ ಬರುವ ಪರಿಚಯದವರ ಕೈಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದ ಬಸ್ಸು, ಸೇತುವೆ ಇಲ್ಲದ ಹೊಳೆಗಳಲ್ಲಿ ದೋಣಿ. ಕಂಪೌಂಡರ್ ಒಬ್ಬರು ಸೈಕಲ್ಲಿನಲ್ಲಿ ಬಂದು ದಿನಾ ಇಂಜೆಕ್ಷನ್ ಚುಚ್ಚಿ ಹೋಗುತ್ತಿದ್ದರು. ಇದಕ್ಕಾಗಿ ತಾಯಿಯ ನಾಲ್ಕು ಬಳೆ, ಒಂದು ಚಕ್ರಸರ ಹೋಯಿತು.

ಮೂರು ತಿಂಗಳಲ್ಲಿ ಅಕ್ಕ ಎದ್ದು ಓಡಾಡುವಂತಾದರು. ಎಲ್ಲರೂ ಹರಕೆ ತೀರಿಸಿ ಬಂದರು. ವರ್ಷದೊಳಗೆ ರಕ್ತ ಮತ್ತೆ ಬಂತು. ಸ್ಟ್ರೆಪ್ಟೋಮೈಸಿನ್ ಒಂದನ್ನೇ ಕೊಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ, ಜೊತೆಗೆ ಇನ್ನೊಂದು ಔಷಧ ಬೇಕೇ ಬೇಕು. ಬ್ರಿಟನ್ನಿನ ವೈದ್ಯರು 1948ರಲ್ಲೇ ಪ್ರಯೋಗ ಮಾಡಿ ಈ ಒಗ್ಗಿಕೊಳ್ಳುವ ಗುಣವನ್ನು ಕಂಡಿದ್ದರು. ಆದರೆ ಲಂಡನ್ನಿನ ವರದಿ ನಮ್ಮೂರಿನ ಕಂಪೌಂಡರನ ಸೈಕಲ್ಲಿಗೆ ತಲುಪಲು ಸಮಯ ಬೇಕಿತ್ತು. 1952ರಲ್ಲಿ ಐಸೋನಿಯಾಜಿಡ್ ಬಂತು. ಬರೀ ಮಾತ್ರೆ, ಬೆಲೆಯೂ ಕಡಿಮೆ. ಅದನ್ನು ಪಿಎಎಸ್ ಅನ್ನುವ ಇನ್ನೊಂದು ಔಷಧದ ಜೊತೆ ಒಂದೂವರೆ ವರ್ಷ ನುಂಗಿ ಅಕ್ಕ ನಿಜವಾಗಿ ಗುಣವಾದರು. 1954ರಲ್ಲಿ ಡಾಕ್ಟರು ಕಫ ಪರೀಕ್ಷೆ ಮಾಡಿ, ಇನ್ನು ಯಾರಿಗೂ ಹರಡುವುದಿಲ್ಲ ಅಂತ ಚೀಟಿ ಬರೆದುಕೊಟ್ಟರು. ಆ ಚೀಟಿ ಈಗಲೂ ಅಮ್ಮಮ್ಮನ ಟ್ರಂಕಿನಲ್ಲಿದೆ, ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದೆ.

ಆದರೆ ಅಷ್ಟರಲ್ಲಿ ಇಂಜೆಕ್ಷನ್ ತನ್ನ ಬೆಲೆ ವಸೂಲಿ ಮಾಡಿತ್ತು. ಒಳಗಿವಿಯಲ್ಲಿ ಸಮತೋಲನ ನೋಡಿಕೊಳ್ಳುವ ಭಾಗವನ್ನೂ ಕೇಳಿಸುವ ಭಾಗವನ್ನೂ ಸ್ಟ್ರೆಪ್ಟೋಮೈಸಿನ್ ಹಾಳುಮಾಡಬಲ್ಲದು. ಹಾಳಾದದ್ದು ಹೆಚ್ಚಾಗಿ ಸರಿಹೋಗುವುದಿಲ್ಲ. ಈಗ ಡಾಕ್ಟರ್ ಆಗಿರುವ ನನ್ನ ಕಸಿನ್ ಇದನ್ನು ಫೋನಿನಲ್ಲಿ ವಿವರಿಸುತ್ತಿದ್ದಾಗ ನನಗೆ ಆ ದೀಪ ನೆನಪಾಯಿತು. ಒಳಗಿವಿ ಕೈಕೊಟ್ಟವರು ಕಣ್ಣಿನ ಸಹಾಯದಿಂದ ನಿಲ್ಲುತ್ತಾರಂತೆ. ಕತ್ತಲಾದರೆ ನೆಲ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಭೂತದ ಹೆದರಿಕೆ ಅಲ್ಲ, ಬಚ್ಚಲಿಗೆ ಹೋಗಲು ಬೆಳಕು ಬೇಕಿತ್ತು. ಹಿಡಿಕೆ ಬಡಗಿಯಿಂದ ಮಾಡಿಸಿದ್ದೂ ಆಗಲೇ. ಅದರ ಮೇಲೆ ಕೈಯಾಡಿಸಿ ನೋಡಿದರೆ, ಮಂಚದ ಹತ್ತಿರದ ಎರಡು ಮಾರು ಮಾತ್ರ ಬೇರೆ ಕಡೆಗಿಂತ ನುಣುಪಾಗಿದೆ, ಕಪ್ಪಾಗಿದೆ. ಐವತ್ತು ವರ್ಷದ ಅಂಗೈ.

ಐವತ್ತು ವರ್ಷ ಸಮುದ್ರದ ಎದುರು ಬದುಕಿದ ಆಕೆಗೆ ಸಮುದ್ರದ ಸದ್ದು ಕೇಳುತ್ತಿರಲಿಲ್ಲ. ಜಗಲಿಯ ಕಂಬಕ್ಕೆ ಅಂಗೈ ಒತ್ತಿ 'ಇವತ್ತು ಜೋರಿದೆ' ಅನ್ನುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಚೀಟಿ ಬಂದರೂ ಜನ ಬರಲಿಲ್ಲ. ಇದು ನನಗೆ ಅತ್ಯಂತ ಕಷ್ಟವಾದ ಭಾಗ. ಗುಣವಾದ ಮೇಲೂ ಅಕ್ಕ ಮೂಲಮನೆಯ ಮದುವೆ, ಮುಂಜಿ, ಕೋಲ ಯಾವುದಕ್ಕೂ ಹೋಗಲಿಲ್ಲ. ಬೇಡ ಅಂತ ಯಾರೂ ಹೇಳಿರಲಿಲ್ಲ, ಬಾ ಅಂತಲೂ ಹೇಳಿರಲಿಲ್ಲ. ಮಕ್ಕಳಿಗೆ ಆ ತೋಟದ ಕಡೆ ಹೋಗಬೇಡಿ ಅನ್ನುತ್ತಿದ್ದರು. ನಾಲ್ಕು ವರ್ಷ ಹೀಗೇ. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಅದೇ ವರ್ಷ ಅಮ್ಮಮ್ಮನ ಮದುವೆಯಾಯಿತು. ಅಕ್ಕ ಆ ಮದುವೆಗೂ ಬರಲಿಲ್ಲ.

1958ರಲ್ಲಿ ಅಮ್ಮಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದರು. ಬಂದವರು ಮೂಲಮನೆಯಲ್ಲಿ ಒಂದು ರಾತ್ರಿ ಕಳೆದು, ಮಾರನೇ ಬೆಳಿಗ್ಗೆ ಟ್ರಂಕು ಹೊರಿಸಿಕೊಂಡು ಕಡಲ ಮನೆಗೆ ನಡೆದರು. ನನ್ನ ಬಾಣಂತನ ಅಕ್ಕನೇ ಮಾಡಬೇಕು ಅಂದರು. ತಾಯಿ ಅತ್ತರು, ಗಂಡನ ಮನೆಯವರು ಹೇಳಿಕಳಿಸಿದರು. ಇವರು ಕದಲಲಿಲ್ಲ. ಮಗು ಹುಟ್ಟಿದ್ದು ಅದೇ ಪಶ್ಚಿಮದ ಕೋಣೆಯಲ್ಲಿ, ಅಕ್ಕನ ಕೈಯಲ್ಲಿ ಮೂರು ತಿಂಗಳು ಎಣ್ಣೆ ನೀರು. ಮಗುವಿಗೆ ಏನೂ ಆಗಲಿಲ್ಲ. ಆಮೇಲೆ ಒಬ್ಬೊಬ್ಬರೇ ನೋಡಲು ಬಂದರು. ಬಂದವರು ಚಹಾ ಕುಡಿದರು. ಮುಂದಿನ ಮೇ ತಿಂಗಳಲ್ಲಿ ಬೊಂಬಾಯಿ ಅಜ್ಜನ ಮಕ್ಕಳು ಬಂದರು, ಅದರ ಮುಂದಿನ ವರ್ಷ ಇನ್ನಷ್ಟು ಜನ. ನಮ್ಮ 'ಹಾಲಿಡೇ ಹೋಮ್' ಶುರುವಾದದ್ದು ಹೀಗೆ.

(ಒಂದು ಅಡ್ಡ ಮಾತು. ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರ 1959ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಕಣ್ಣು ತೆರೆಸಿತು: ಸರಿಯಾಗಿ ಮಾತ್ರೆ ಕೊಟ್ಟರೆ ಬಡವರ ಇಕ್ಕಟ್ಟಾದ ಮನೆಗಳಲ್ಲೂ ರೋಗಿ ಸ್ಯಾನಟೋರಿಯಂನಷ್ಟೇ ಚೆನ್ನಾಗಿ ಗುಣವಾಗುತ್ತಾನೆ, ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಇಲ್ಲ. ಅಂದರೆ ಆ ಐದು ಕಿಟಕಿ, ಎರಡನೇ ಬಾವಿ, ಕಿಂಡಿ ಎಲ್ಲ ಕಟ್ಟಿ ಹತ್ತು ವರ್ಷದೊಳಗೇ ಅನಗತ್ಯ ಅಂತ ಸಾಬೀತಾಗಿತ್ತು.)

ಇದೆಲ್ಲ ಹಳೇ ಕಥೆ ಅಂತ ಬಿಟ್ಟುಬಿಡಬಹುದಿತ್ತು, ಮನೆಯ ಪ್ರಶ್ನೆ ಈಗ ಎದುರು ಬರದಿದ್ದರೆ. ನಮ್ಮದು ಅಳಿಯಸಂತಾನದ ಕುಟುಂಬ, ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತದೆ. ಮದ್ರಾಸ್ ಸರ್ಕಾರದ 1949ರ ಅಳಿಯಸಂತಾನ ಕಾಯ್ದೆ ಬರುವ ತನಕ ಪಾಲು ಕೇಳುವುದೇ ಕಷ್ಟವಿತ್ತು. ಬೊಂಬಾಯಿ ಅಜ್ಜ ಸ್ವಂತ ಸಂಪಾದನೆಯ ಜಾಗವನ್ನು ಕುಟುಂಬದ ಹೆಸರಿಗೂ ಬರೆಯಲಿಲ್ಲ, ತನ್ನ ಹೆಸರಿಗೂ ಇಟ್ಟುಕೊಳ್ಳಲಿಲ್ಲ, ನೇರವಾಗಿ ಕಾಯಿಲೆಯ ತಂಗಿಯ ಹೆಸರಿಗೆ ಮಾಡಿಸಿದರು. ಯಾರೂ ಎಬ್ಬಿಸಬಾರದು ಅಂತ ಇರಬೇಕು. ಆಕೆ ಮುಂದೆ ಎರಡು ಪುಟದ ವಿಲ್ ಬರೆದು ತಂಗಿಯ ಹೆಣ್ಣುಮಕ್ಕಳಿಬ್ಬರಿಗೆ, ಅಂದರೆ ನನ್ನ ಅಮ್ಮನಿಗೂ ಚಿಕ್ಕಮ್ಮನಿಗೂ ಕೊಟ್ಟರು. ಒಂದೇ ಒಂದು ಕೋರಿಕೆ ಇತ್ತು: ಮೇ ತಿಂಗಳಲ್ಲಿ ಮನೆಯವರು ಯಾರು ಬಂದರೂ ಬಾಗಿಲು ತೆಗೆಯಬೇಕು.

ಎರಡು ವರ್ಷದ ಹಿಂದೆ ಹಂಚು ಸೋರಲು ಶುರುವಾಗಿ, ದೊಡ್ಡ ಮಾವ ಮುಂಬೈಯಿಂದ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ತ್ರೀಡಿ ಚಿತ್ರ ಹಾಕಿದರು. ಹಳೇದು ಒಡೆದು ಎರಡು ಮಹಡಿ, ಗಾಜಿನ ಬಾಲ್ಕನಿ, ಆರು ರೂಮು. ಸಿಆರ್‌ಝಡ್ ನಿಯಮ ಗೊತ್ತಿದ್ದವರಿಗೆ ಇದರ ಹಣೆಬರಹ ಗೊತ್ತಿರುತ್ತದೆ. ಉಬ್ಬರದ ಗೆರೆಯಿಂದ ನಮ್ಮ ಮನೆ ಇನ್ನೂರು ಮೀಟರಿನ ಒಳಗೇ ಇದೆ. ಇರುವ ಮನೆಯನ್ನು ಇರುವ ಅಳತೆಯಲ್ಲೇ ರಿಪೇರಿ ಮಾಡಬಹುದು, ಅದಕ್ಕಿಂತ ದೊಡ್ಡದಾಗಿ ಕಟ್ಟುವಂತಿಲ್ಲ. ಅದೂ ಅಲ್ಲದೆ ಕಡಲೇ ನಮ್ಮ ಕಡೆ ಬರುತ್ತಿದೆ. ಅಮ್ಮಮ್ಮನ ಬಾಲ್ಯದಲ್ಲಿ ಅಂಗಳದಿಂದ ನೀರಿಗೆ ಮುನ್ನೂರು ಹೆಜ್ಜೆ ಇತ್ತಂತೆ. ಕಳೆದ ಆಗಸ್ಟ್‌ನಲ್ಲಿ ನಾನು ಎಣಿಸಿದಾಗ ನೂರ ನಲವತ್ತು. ಮೂರು ಸಾಲು ತೆಂಗಿನಲ್ಲಿ ಉಳಿದಿದ್ದು ಒಂದು, ಅದರ ಮುಂದೆ ಕಪ್ಪುಕಲ್ಲಿನ ರಾಶಿ.

ಹಾಗಾಗಿ ರಿಪೇರಿ, ಆಮೇಲೆ ಹೋಮ್‌ಸ್ಟೇ. ಎಕ್ಸೆಲ್ ಶೀಟು ನನ್ನ ಪಾಲಿಗೆ ಬಂತು. ಕಂಟ್ರಾಕ್ಟರ್ ಕಳಿಸಿದ ಪಟ್ಟಿಯ ಮೊದಲ ಮೂರು ಸಾಲು: ಕಿಂಡಿ ಮುಚ್ಚುವುದು, ಹಿಡಿಕೆ ಕಿತ್ತು ಗೋಡೆಗೆ ಪುಟ್ಟಿ ಹೊಡೆಯುವುದು, ಹೆಚ್ಚುವರಿ ಬಾಗಿಲು ಇಟ್ಟಿಗೆ ಹಾಕಿ ಕಟ್ಟುವುದು. ನಾನು ಮೂರಕ್ಕೂ ಬೇಡ ಅಂದೆ. ಗ್ರೂಪಿನಲ್ಲಿ ಯಾಕೆ ಅಂತ ಕೇಳಿದರು. ಕಿಂಡಿಯಲ್ಲಿ ಕೇಳಿದ್ದನ್ನೆಲ್ಲ ಉದ್ದಕ್ಕೆ ಬರೆದು ಹಾಕಿದೆ.

ಅರ್ಧ ದಿನ ಯಾರೂ ಮಾತಾಡಲಿಲ್ಲ. ಗುಡ್ ಮಾರ್ನಿಂಗ್ ಚಿತ್ರ ಕೂಡ ಬರಲಿಲ್ಲ. ಆಮೇಲೆ ದೊಡ್ಡ ಮಾವನ ಫೋನು, ನೇರ ಅಮ್ಮನಿಗೆ. "ಕ್ಷಯದ ಮನೆ ಅಂತ ಗೊತ್ತಾದ್ರೆ ಯಾರ್ ಬಂದು ಉಳೀತಾರೆ? ಹುಡುಗಿಗೆ ಇನ್ನೂ ಮದುವೆ ಆಗ್ಬೇಕು. ಅದನ್ನೆಲ್ಲ ಅಳಿಸೋಕೆ ಹೇಳು."

ಎಪ್ಪತ್ತು ವರ್ಷದ ನಂತರವೂ ಮದುವೆ ಗೊತ್ತಾಗುವ ಹುಡುಗಿಯ ಲೆಕ್ಕದಲ್ಲೇ ಆ ಕಾಯಿಲೆ ಉಳಿದಿದೆ. ಮಾವನನ್ನು ಬೈಯಲು ನನಗೆ ಮನಸ್ಸಿಲ್ಲ, ಬೆಂಗಳೂರಿನ ನನ್ನ ಪಿಜಿಯಲ್ಲೂ ಇದನ್ನೇ ನೋಡಿದ್ದೇನೆ. ಒಬ್ಬಳು ಗೆಳತಿ ಆರು ತಿಂಗಳು ಟಿಬಿ ಮಾತ್ರೆ ನುಂಗಿದಳು, ನನ್ನೊಬ್ಬಳಿಗೆ ಬಿಟ್ಟು ಎಲ್ಲರಿಗೂ ಗ್ಯಾಸ್ಟ್ರಿಕ್ ಅಂದಳು. ಮಾತ್ರೆ ಸರ್ಕಾರದಿಂದ ಉಚಿತ, ಸರಿಯಾಗಿ ತೆಗೆದುಕೊಂಡರೆ ಗುಣವಾಗುತ್ತದೆ, ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಆದರೂ ಅವಳು ಮಾತ್ರೆಯ ಸ್ಟ್ರಿಪ್ಪನ್ನು ಚಾರ್ಜರ್ ಪೌಚಿನಲ್ಲಿ ಇಡುತ್ತಿದ್ದಳು.

ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಅಮ್ಮಮ್ಮನ ಮುಂದೆ ಇಟ್ಟಳು. ಅಮ್ಮಮ್ಮ ಮಗನ ಮಾತು ಪೂರ್ತಿ ಕೇಳಿದರು. 1958ರಲ್ಲಿ ಆ ಕೋಣೆಯಲ್ಲಿ ಹುಟ್ಟಿದ ಮಗು ದೊಡ್ಡ ಮಾವನೇ. ಅದನ್ನು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ, ಹುಟ್ಟಿದ್ದು ಮೂಲಮನೆಯಲ್ಲಿ ಅಂತಲೇ ತಿಳಿದಿದ್ದರು. ಅಮ್ಮಮ್ಮ ಹೆಚ್ಚು ಮಾತಾಡಲಿಲ್ಲ. ನಿನಗೆ ಮೊದಲ ನೀರು ಹಾಕಿದ ಕೈ ಅದು, ಅಷ್ಟು ಹೇಳಿ ಫೋನು ಅಮ್ಮನ ಕಡೆ ದೂಡಿದರು.

ಹಿಡಿಕೆಯ ಗೆದ್ದಲು ಹಿಡಿದ ಎರಡು ಅಡಿ ಮಾತ್ರ ಬದಲಾಯಿಸಿದೆವು. ಕಿಂಡಿಯ ಹಲಗೆಗೆ ಹೊಸ ತಿರುಗಣೆ, ಹಿತ್ತಾಳೆಯದ್ದು, ಕಬ್ಬಿಣ ಈ ಗಾಳಿಗೆ ಎರಡು ಮಳೆಗಾಲ ತಡೆಯುವುದಿಲ್ಲ. ಬುಕಿಂಗ್ ಆ್ಯಪಿನಲ್ಲಿ ಮನೆಯ ಬಗ್ಗೆ ಬರೆಯುವ ಜಾಗದಲ್ಲಿ ಐದು ಸಾಲಿನಲ್ಲಿ ಕಥೆ ಹಾಕಿದ್ದೇನೆ, ಕಡಲ ಮನೆ ಅಜ್ಜಿಯ ಹೆಸರಿನ ಸಮೇತ. ಅದನ್ನು ಓದಿ ಬುಕಿಂಗ್ ರದ್ದು ಮಾಡಿದವರು ಇದುವರೆಗೆ ಇಬ್ಬರು.

ಮೇ ತಿಂಗಳ ಕ್ಯಾಲೆಂಡರ್ ಮಾತ್ರ ಪೂರ್ತಿ ಬ್ಲಾಕ್. ಒಳ್ಳೇ ಸೀಸನ್, ಒಂದು ತಿಂಗಳ ಬಾಡಿಗೆ ಕೈಬಿಡುವುದು ಚಿಕ್ಕಮ್ಮನಿಗೆ ಅಷ್ಟು ಇಷ್ಟವಿಲ್ಲ. ಈ ವರ್ಷ ಏಪ್ರಿಲ್ ಕೊನೆಗೆ ದೊಡ್ಡ ಮಾವನ ಮೆಸೇಜ್ ಬಂತು, ಗ್ರೂಪಿನಲ್ಲಿ ಅಲ್ಲ, ನನಗೊಬ್ಬಳಿಗೆ. ಮೊಮ್ಮಕ್ಕಳ ಜೊತೆ ಹತ್ತು ದಿನ ಬರುತ್ತಾರಂತೆ, ಪಶ್ಚಿಮದ ಕೋಣೆ ಖಾಲಿ ಇದೆಯಾ ಅಂತ.